ಕಡಲೆ ಪಶ್ಚಿಮದ್ದು, ಎಳ್ಳು ಪೂರ್ವದ್ದು: ಹಮ್ಮಸ್‌ನ ಕಥೆ



ಸೋಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಮಗೆ ಕಡಲೆ ಹೊಸದೇನಲ್ಲ. ಹಿಂಗಾರಿನಲ್ಲಿ ಬಿಳಿಜೋಳದ ಜೊತೆಗೆ ಎರೆಹೊಲದಲ್ಲಿ ಬೆಳೆಯುವ ಕಾಳು ಇದು. ಹಸಿ ಇದ್ದಾಗ ಸುಲಗಾಯಿ, ಒಡೆದರೆ ಬೇಳೆ, ಬೀಸಿದರೆ ಹಿಟ್ಟು, ಒಗ್ಗರಣೆ ಹಾಕಿ ಕುದಿಸಿದರೆ ಜುಣಕ. ನಮ್ಮ ಮರಾಠಿ ನೆರೆಯವರು ಇದನ್ನೇ ಹರಭರಾ ಎನ್ನುತ್ತಾರೆ. ಇದೇ ಕಾಳನ್ನು ಮೆತ್ತಗೆ ಬೇಯಿಸಿ, ಅರೆದ ಎಳ್ಳು, ನಿಂಬೆರಸ, ಬೆಳ್ಳುಳ್ಳಿ, ಉಪ್ಪು ಸೇರಿಸಿ ನುಣ್ಣಗೆ ರುಬ್ಬಿದರೆ ಅರಬ್ ನಾಡುಗಳ "ಹಮ್ಮಸ್" ಆಗುತ್ತದೆ. ರೊಟ್ಟಿಯ ತುಂಡನ್ನು ಅದರಲ್ಲಿ ಅದ್ದಿಕೊಂಡು ತಿನ್ನುತ್ತಾರೆ. ಈಗ ಇದು ಪಟ್ಟಣದ ಅಂಗಡಿಗಳಲ್ಲಿ "ಕಡಿಮೆ ಕೊಬ್ಬಿನ ಆರೋಗ್ಯಕರ ತಿನಿಸು" ಎಂಬ ಚೀಟಿ ಅಂಟಿಸಿಕೊಂಡು ಡಬ್ಬಿಗಳಲ್ಲಿ ಬರುತ್ತಿದೆ. ಆ ಡಬ್ಬಿಯೊಳಗೆ ಎಷ್ಟು ದೊಡ್ಡ ಇತಿಹಾಸ ಅಡಗಿದೆ ಎಂಬುದನ್ನು ಇಂದು ನೋಡೋಣ.

ಮೊದಲು ಹೆಸರು. ಅರಬ್ಬಿ ಭಾಷೆಯಲ್ಲಿ "ಹಮ್ಮಸ್" ಎಂದರೆ ಕಡಲೆ, ಅಷ್ಟೇ! ತಿನಿಸಿನ ಪೂರ್ತಿ ಹೆಸರು "ಹಮ್ಮಸ್ ಬಿ ತಹೀನಾ", ಅಂದರೆ ತಹೀನಾ ಬೆರೆಸಿದ ಕಡಲೆ. ತಹೀನಾ ಎಂದರೆ ಅರೆದ ಎಳ್ಳು. ಈ ಪದ ಹುಟ್ಟಿದ್ದು "ಅರೆ, ಬೀಸು" ಎಂಬ ಅರ್ಥದ ಅರಬ್ಬಿ ಧಾತುವಿನಿಂದ.

ಇನ್ನು ಈ ಎರಡು ಕಾಳುಗಳ ಪ್ರಯಾಣ. ಕಡಲೆಯ ಕಾಡು ಪೂರ್ವಜ ಇಂದಿಗೂ ಸಿಗುವುದು ಟರ್ಕಿಯ ಆಗ್ನೇಯ ಭಾಗದ ಬೆಟ್ಟಗಳಲ್ಲಿ. ಸುಮಾರು 10,000 ವರ್ಷಗಳ ಹಿಂದೆ ಆ ಸೀಮೆಯ ರೈತರು ಗೋಧಿ, ಬಾರ್ಲಿಗಳ ಜೊತೆಗೆ ಇದನ್ನೂ ಪಳಗಿಸಿದರು. ಅಲ್ಲಿಂದ ಪೂರ್ವಕ್ಕೆ ಹೊರಟ ಕಡಲೆ ಸುಮಾರು 4,000 ವರ್ಷಗಳ ಹಿಂದೆಯೇ ಭಾರತ ತಲುಪಿತ್ತು. ಇಂದು ಜಗತ್ತಿನ ಕಡಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ನಮ್ಮ ದೇಶವೇ. ನಾವು ಬೆಳೆಯುವ ಕಂದು ಬಣ್ಣದ ಸಣ್ಣ ಕಾಳು "ದೇಸಿ", ಹಮ್ಮಸ್‌ಗೆ ಬಳಸುವ ಬಿಳಿಯ ದಪ್ಪ ಕಾಳು "ಕಾಬೂಲಿ". ಎರಡೂ ಒಂದೇ ಜಾತಿಯ ಗಿಡ.

ಎಳ್ಳಿನ ದಾರಿ ಇದಕ್ಕೆ ತಿರುವುಮುರುವು. ಎಳ್ಳನ್ನು ಮೊದಲು ಪಳಗಿಸಿದ್ದು ಭಾರತ ಉಪಖಂಡದಲ್ಲಿ. ಹರಪ್ಪಾದ ಉತ್ಖನನದಲ್ಲಿ ಸುಟ್ಟು ಕರಿಕಾದ ಎಳ್ಳು ಸಿಕ್ಕಿದೆ. ಸಿಂಧೂ ಬಯಲಿನವರು ಮೆಸೊಪೊಟೇಮಿಯಾದ ಜೊತೆ ವ್ಯಾಪಾರ ನಡೆಸುತ್ತಿದ್ದ ಕಾಲದಲ್ಲೇ ಎಳ್ಳು ಪಶ್ಚಿಮಕ್ಕೆ ಹೋಯಿತು. ಕ್ರಿ.ಪೂ. 14ನೇ ಶತಮಾನದ ಈಜಿಪ್ತಿನ ದೊರೆ ತೂತಂಖಾಮನ್‌ನ ಸಮಾಧಿಯಲ್ಲೂ ಎಳ್ಳು ದೊರೆತಿದೆ. ಹೀಗೆ ಪಶ್ಚಿಮದ ಕಡಲೆ ನಮ್ಮ ಹೊಲಕ್ಕೆ ಬಂತು, ನಮ್ಮ ಕಡೆಯ ಎಳ್ಳು ಅವರ ಅಡುಗೆಮನೆಗೆ ಹೋಯಿತು. ಎರಡೂ ಒಂದೇ ತಟ್ಟೆಯಲ್ಲಿ ಕೂಡಿದ್ದೇ ಹಮ್ಮಸ್!

ಇದರ ಹಳೆಯ ಬರಹದ ದಾಖಲೆಗಳು 13-14ನೇ ಶತಮಾನದ ಈಜಿಪ್ತಿನ ಅರಬ್ಬಿ ಅಡುಗೆ ಪುಸ್ತಕಗಳಲ್ಲಿವೆ. ಅಲ್ಲಿ ರುಬ್ಬಿದ ಕಡಲೆಗೆ ಹುಳಿಗಾಗಿ ವಿನೆಗರ್ ಹಾಕುತ್ತಾರೆ. ಜೊತೆಗೆ ತಹೀನಾ, ಸೊಪ್ಪು, ಮಸಾಲೆ, ಬೀಜಗಳು. ನಿಂಬೆ, ಬೆಳ್ಳುಳ್ಳಿಯ ಇಂದಿನ ಸರಳ ರೂಪ ನಂತರದ್ದು. ಕಾಳನ್ನು ಹೀಗೆ ಮುದ್ದೆ ಮಾಡಿ ತಿನ್ನುವ ಪದ್ಧತಿ ಕಡಲೆಗಷ್ಟೇ ಸೀಮಿತವೂ ಅಲ್ಲ. ಈಜಿಪ್ತಿನ ಬಡವರ ಬೆಳಗಿನ ಊಟ "ಫೂಲ್ ಮೆದಮೆಸ್". ಅವರೆಗಿಂತ ದಪ್ಪನಾದ ಫಾವಾ ಎಂಬ ಕಾಳನ್ನು ಕಿರಿದಾದ ಬಾಯಿಯ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ರಾತ್ರಿಯಿಡೀ ಬೇಯಿಸುತ್ತಾರೆ. ಅದೇ ಕಾಳಿನ ಬೇಳೆಗೆ ಸೊಪ್ಪು ಸೇರಿಸಿ ಅರೆದರೆ "ಬಿಸ್ಸಾರ". ಕಾಳಿನಲ್ಲೇ ಕೊಬ್ಬು ಕಡಿಮೆ, ಎಣ್ಣೆ ಮೇಲೆ ಒಂದಿಷ್ಟು ಮಾತ್ರ. "ಕಡಿಮೆ ಕೊಬ್ಬು" ಎಂಬ ಮಾತು ಹುಟ್ಟುವ ಮೊದಲೇ ಬಡವರು ಅದನ್ನು ತಿನ್ನುತ್ತಿದ್ದರು.

ಹಾಗಾದರೆ ಆ ಮಾತು ಹುಟ್ಟಿದ್ದು ಯಾವಾಗ? 1977ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಜನರು ಕೊಬ್ಬನ್ನು ಕಡಿಮೆ ತಿನ್ನಬೇಕೆಂದು ಸಲಹೆ ನೀಡಿತು. ಮುಂದಿನ ಎರಡು ದಶಕಗಳಲ್ಲಿ "ಲೋ ಫ್ಯಾಟ್" ಎಂಬುದು ವ್ಯಾಪಾರದ ಮಂತ್ರವಾಯಿತು. ಎಷ್ಟೋ ಪೊಟ್ಟಣಗಳಲ್ಲಿ ಕೊಬ್ಬನ್ನು ತೆಗೆದ ಜಾಗಕ್ಕೆ ಸಕ್ಕರೆ ಬಂತು! ಕೊಬ್ಬಿನ ಪ್ರಮಾಣದಷ್ಟೇ ಅದು ಯಾವ ಬಗೆಯದು ಎಂಬುದೂ ಮುಖ್ಯ ಎಂದು ಆಹಾರ ತಜ್ಞರು ಈಗ ಹೇಳುತ್ತಾರೆ. ಎಳ್ಳಿನದು ಬಹುಪಾಲು ಒಳ್ಳೆಯ ಬಗೆಯ ಕೊಬ್ಬು. ಬೆಳೆಯುವ ಮಕ್ಕಳಿಗೆ ಅದು ಬೇಕು, ಆದರೆ ಮಿತವಾಗಿ.

ಲೆಕ್ಕ ಹಾಕಿ ನೋಡೋಣ. ಬೆಂದ ಕಡಲೆ 2 ಬಟ್ಟಲು (ಸುಮಾರು 320 ಗ್ರಾಂ) ತೆಗೆದುಕೊಂಡರೆ ಅದರಲ್ಲಿರುವ ಕೊಬ್ಬು ಸುಮಾರು 8 ಗ್ರಾಂ. ಅದಕ್ಕೆ ಅರ್ಧ ಬಟ್ಟಲು ತಹೀನಾ ಹಾಕಿದರೆ ಇನ್ನೂ 64 ಗ್ರಾಂ, 2 ದೊಡ್ಡ ಚಮಚ ಎಣ್ಣೆಗೆ 27 ಗ್ರಾಂ. ಒಟ್ಟು 99 ಗ್ರಾಂ! ಎಣ್ಣೆ ಬಿಟ್ಟು, ತಹೀನಾ ಒಂದೇ ದೊಡ್ಡ ಚಮಚ ಹಾಕಿದರೆ ಒಟ್ಟು 16 ಗ್ರಾಂ. ತೆಳುವಾಗಲು ಕಡಲೆ ಬೆಂದ ನೀರು ಸಾಕು, ಇಲ್ಲವೇ ನೀರು ಬಸಿದ ಮೊಸರು. ರಾತ್ರಿಯಿಡೀ ನೆನೆಸಿ, ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೇಯಿಸುವುದೇ ನುಣುಪಿನ ಗುಟ್ಟು. ಹುರಿದ ಎಳ್ಳನ್ನು ಮನೆಯ ಮಿಕ್ಸಿಯಲ್ಲಿ ಅರೆದುಕೊಂಡರೆ ಅಂಗಡಿಯ ತಹೀನಾ ಬೇಕಿಲ್ಲ. ಎಳ್ಳು ಒಗ್ಗದ ಮಕ್ಕಳಿದ್ದರೆ ಅದನ್ನು ಬಿಟ್ಟುಬಿಡಿ. ದೇಸಿ ಕಡಲೆ, ಹೆಸರು, ಅಲಸಂದೆಯಲ್ಲೂ ಮಾಡಬಹುದು. ಜೋಳದ ರೊಟ್ಟಿ, ಸೌತೆಕಾಯಿ, ಗಜ್ಜರಿಗೆ ಹಚ್ಚಿಕೊಂಡರೆ ಸಂಜೆಯ ಕುರುಕಲು ಪೊಟ್ಟಣದ ನೆನಪೇ ಬರುವುದಿಲ್ಲ.

ಈ ಕಥೆಗೆ ಇನ್ನೊಂದು ಮುಖವಿದೆ. ಹಮ್ಮಸ್ ಯಾರದು ಎಂಬ ಜಗಳ! 2008ರಲ್ಲಿ ಲೆಬನಾನಿನ ಕೈಗಾರಿಕೋದ್ಯಮಿಗಳು ಇದು ತಮ್ಮ ದೇಶದ ತಿನಿಸು, ಆ ಹೆಸರಿನಲ್ಲಿ ಇಸ್ರೇಲ್ ಮಾರಬಾರದು ಎಂದು ದನಿ ಎತ್ತಿದರು. ನಮ್ಮ ಸೋಲಾಪುರ ಚಾದರಕ್ಕೆ ಇರುವಂಥ ಊರಿನ ಗುರುತು ಅವರಿಗೆ ಬೇಕಿತ್ತು. ಜಗಳ ದಾಖಲೆಗಳ ಪೈಪೋಟಿಗೆ ತಿರುಗಿತು. 2009ರಲ್ಲಿ ಲೆಬನಾನ್ 2 ಟನ್ನಿಗಿಂತ ಹೆಚ್ಚು ಹಮ್ಮಸ್ ಮಾಡಿತು. 2010ರ ಜನವರಿಯಲ್ಲಿ ಇಸ್ರೇಲಿನ ಅಬು ಘೋಶ್ ಎಂಬ ಊರು 4 ಟನ್ ದಾಟಿತು. ಅಬು ಘೋಶ್ ಅರಬ್ಬರದೇ ಊರು ಎಂಬುದನ್ನು ಗಮನಿಸಿ. ಅದೇ ವರ್ಷ ಮೇ ತಿಂಗಳಲ್ಲಿ ಲೆಬನಾನ್ 10,452 ಕಿಲೋ ಮಾಡಿ ದಾಖಲೆ ಮರಳಿ ಪಡೆಯಿತು. ಆದರೆ ಹೆಸರಿನ ಹಕ್ಕು ಯಾರಿಗೂ ಸಿಗಲಿಲ್ಲ. ಪ್ಯಾಲೆಸ್ಟೈನ್, ಸಿರಿಯಾ, ಜೋರ್ಡಾನ್, ಈಜಿಪ್ತಿನ ಮನೆಗಳಲ್ಲೂ ಅದೇ ತಟ್ಟೆ ಇದೆ. ಗೆರೆ ಎಳೆದಿದ್ದು 20ನೇ ಶತಮಾನ, ಅಡುಗೆ ಅದಕ್ಕಿಂತ ಎಷ್ಟೋ ಹಳೆಯದು.

ಗಡಿಯಲ್ಲಿ ಬದುಕುವ ನಮಗೆ ಇದು ಬೇಗ ಅರ್ಥವಾಗುತ್ತದೆ. "ನೀವು ಇಲ್ಲಿಯವರೋ, ಅಲ್ಲಿಯವರೋ?" ಎಂಬ ಪ್ರಶ್ನೆ ಕನ್ನಡ ಶಾಲೆಯ ಮಕ್ಕಳಿಗೆ ಆಗಾಗ ಎದುರಾಗುತ್ತದೆ. ಟರ್ಕಿಯಿಂದ ಬಂದ ಕಡಲೆಯನ್ನು ನಮ್ಮ ಎರೆಮಣ್ಣು ಎಂದೂ ಹಾಗೆ ಕೇಳಲಿಲ್ಲ. ಕಡಲೆ ಎಂದು ಕರೆದರೂ ಹರಭರಾ ಎಂದು ಕರೆದರೂ ಅದು ಈ ಹೊಲದ ಬೆಳೆಯೇ.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. 5ರಿಂದ 7ನೇ ತರಗತಿಯ ಮಕ್ಕಳಿಗೆ ಏಷ್ಯಾದ ನಕ್ಷೆ ಕೊಟ್ಟು, ಕಡಲೆಯ ದಾರಿಗೆ ಒಂದು ಬಣ್ಣ, ಎಳ್ಳಿನ ದಾರಿಗೆ ಇನ್ನೊಂದು ಬಣ್ಣ ಹಚ್ಚಿಸಿ. ನಂತರ ತಮ್ಮ ಮನೆಯ ಊಟದಲ್ಲಿರುವ ಮೆಣಸಿನಕಾಯಿ, ಶೇಂಗಾ, ಆಲೂಗಡ್ಡೆ ಎಲ್ಲಿಂದ ಬಂದವು ಎಂದು ಹುಡುಕಿಸಿ. ಒಂದೇ ತರಗತಿಯಲ್ಲಿ ಇತಿಹಾಸ, ಭೂಗೋಳ, ಆರೋಗ್ಯ ಮೂರೂ ಪಾಠಗಳು ಆಗುತ್ತವೆ.