ಎಣಿಕೆಗೆ ಬಂದ ಕಾಯಿಲೆ: ಟಿಬೆಟನ್ ನಿರಾಶ್ರಿತರು ಮತ್ತು ಕ್ಷಯ

1959ರ ಮಾರ್ಚ್ ತಿಂಗಳಲ್ಲಿ ದಲೈ ಲಾಮಾ ಅವರು ಲ್ಹಾಸಾ ನಗರವನ್ನು ತೊರೆದ ಬಳಿಕ ಹಿಮಾಲಯವನ್ನು ದಾಟಿ ಭಾರತಕ್ಕೆ ಬಂದ ಟಿಬೆಟನ್ನರಿಗೆ ಮೊದಲು ಆಸರೆಯಾದವು ಅಸ್ಸಾಮಿನ ಮಿಸ್ಸಮಾರಿ ಹಾಗೂ ಪಶ್ಚಿಮ ಬಂಗಾಳದ ಬಕ್ಸಾ ದುವಾರ್ ಶಿಬಿರಗಳು. ಬಕ್ಸಾ, ಬ್ರಿಟಿಷರು ರಾಜಕೀಯ ಕೈದಿಗಳನ್ನು ಇರಿಸುತ್ತಿದ್ದ ಕೋಟೆ. ಸೆರಾ, ದ್ರೆಪುಂಗ್ ಮತ್ತು ಗಾಂದೆನ್ ಮಹಾವಿಹಾರಗಳಿಂದ ಬಂದ ಸಾವಿರಕ್ಕೂ ಮಿಗಿಲಾದ ಭಿಕ್ಷುಗಳು ಅದೇ ಕಟ್ಟಡಗಳಲ್ಲಿ ಇಕ್ಕಟ್ಟಾಗಿ ನೆಲೆಸಿ ಶಾಸ್ತ್ರಾಭ್ಯಾಸವನ್ನು ಮುಂದುವರಿಸಿದರು. ಅವರಲ್ಲಿ ಅನೇಕರು ಕ್ಷಯರೋಗಕ್ಕೆ ತುತ್ತಾದರು. ಗೃಹಸ್ಥರ ಪೈಕಿ ಸಾವಿರಾರು ಮಂದಿ ಗುಡ್ಡಗಾಡಿನ ರಸ್ತೆ ಕಾಮಗಾರಿಯ ಡೇರೆಗಳಲ್ಲಿ ಕೂಲಿಗಳಾದರು.

ಅಂದಿನ ಮೈಸೂರು ರಾಜ್ಯ ಸರ್ಕಾರವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ನೀಡಿದ ಮೇಲೆ 1960ರ ಕೊನೆಯಲ್ಲಿ ಮೊದಲ ತಂಡಗಳು ದಕ್ಷಿಣಕ್ಕೆ ಬಂದವು. ಮುಂಡಗೋಡು (1966), ಹುಣಸೂರು ಸಮೀಪದ ಗುರುಪುರ (1972) ಮತ್ತು ಕೊಳ್ಳೇಗಾಲ ಸೀಮೆಯ ಒಡೆಯರಪಾಳ್ಯ (1974) ನಂತರದ ನೆಲೆಗಳು. ಇವುಗಳ ನಿರ್ಮಾಣಕ್ಕೆ ನೆರವಾಗಲೆಂದೇ 1968ರಲ್ಲಿ ಮೈರಾಡಾ ಸಂಸ್ಥೆ ಹುಟ್ಟಿತು. 1969ರಿಂದ ಮುಂದೆ ಬಕ್ಸಾದ ಭಿಕ್ಷುಗಳಲ್ಲಿ ಸೆರಾದವರು ಬೈಲಕುಪ್ಪೆಗೂ ದ್ರೆಪುಂಗ್, ಗಾಂದೆನ್‌ನವರು ಮುಂಡಗೋಡಿಗೂ ಬಂದು ನೆಲೆಸಿದರು. ಬಕ್ಸಾದಲ್ಲಿ ತಗುಲಿದ ಸೋಂಕೂ ಅವರೊಡನೆ ಬಂದಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಕ್ಷಯದ ರೋಗಾಣು ದೇಹದಲ್ಲಿ ವರ್ಷಗಟ್ಟಲೆ ಸುಪ್ತವಾಗಿದ್ದು, ದೇಹಶಕ್ತಿ ಕುಗ್ಗಿದಾಗ ತಲೆಯೆತ್ತುವಂಥದು.

ಆರಂಭದ ವರ್ಷಗಳ ಸಾವುನೋವುಗಳಿಗೆ ಸಾಮಾನ್ಯವಾಗಿ ಹೇಳಲಾಗುತ್ತಿದ್ದ ಕಾರಣ ಹವೆ. ಎತ್ತರದ ಶೀತಪ್ರದೇಶದ ಜನ ಬಯಲಿನ ಸೆಕೆಗೆ ಒಗ್ಗಲಾರದೆ ಬಿದ್ದರೆಂಬ ವಿವರಣೆ ಅದು. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಹವೆಯನ್ನು ದೂರಿದಾಗ ಇಕ್ಕಟ್ಟಾದ ವಸತಿ, ಅಪೌಷ್ಟಿಕತೆ, ಅರ್ಧಕ್ಕೆ ನಿಂತ ಚಿಕಿತ್ಸೆ ಇವೆಲ್ಲ ಮರೆಯಾಗುತ್ತವೆ. ಹವೆಯನ್ನು ಬದಲಿಸಲಾಗದು, ವಸತಿಯನ್ನು ಬದಲಿಸಬಹುದು.

ಇದೇ ಕಾಲದಲ್ಲಿ, ಬೈಲಕುಪ್ಪೆಗೆ ಒಂದು ದಿನದ ಪ್ರಯಾಣದಷ್ಟೂ ದೂರವಿಲ್ಲದ ಬೆಂಗಳೂರಿನಲ್ಲಿ, ಭಾರತದ ಕ್ಷಯ ನಿಯಂತ್ರಣದ ನೀತಿ ರೂಪುಗೊಳ್ಳುತ್ತಿತ್ತು. 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಪರವಾಗಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಸಮಾಜಶಾಸ್ತ್ರೀಯ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರು ರೋಗದ ಬಗ್ಗೆ ಅಜ್ಞಾನಿಗಳೆಂಬ ಅಧಿಕಾರಿವರ್ಗದ ನಂಬಿಕೆಯನ್ನು ಅದು ಅಲುಗಾಡಿಸಿತು. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಅದಾಗಲೇ ಚಿಕಿತ್ಸಾಲಯದ ಬಾಗಿಲು ತಟ್ಟಿ, ತಕ್ಕ ಪರೀಕ್ಷೆಯಿಲ್ಲದೆ ಮರಳಿದ್ದರು. ರೋಗಿಯನ್ನು ಹುಡುಕಿಕೊಂಡು ಹೋಗುವುದಕ್ಕಿಂತ ತಾನಾಗಿ ಬಂದವನನ್ನು ಸರಿಯಾಗಿ ಪರೀಕ್ಷಿಸುವುದು ಮೊದಲ ಕರ್ತವ್ಯ ಎಂಬ ತತ್ತ್ವಕ್ಕೆ ಇದು ಬಲ ನೀಡಿತು. 1962ರ ರಾಷ್ಟ್ರೀಯ ಕಾರ್ಯಕ್ರಮ ಜಿಲ್ಲೆಯನ್ನು ಘಟಕವಾಗಿ ಇರಿಸಿಕೊಂಡದ್ದೂ ಈ ಚಿಂತನೆಯ ಜೊತೆಗೇ.

ಬಡ ದೇಶವೊಂದರ ಬಹುಸಂಖ್ಯಾತ ಗ್ರಾಮೀಣರಿಗೆ ಈ ತತ್ತ್ವ ನ್ಯಾಯವಾದದ್ದೇ. ಆದರೆ ನಿರಾಶ್ರಿತರ ವಿಷಯದಲ್ಲಿ ಅದು ಎರಡು ಕಡೆ ಸೋತಿತು ಎನ್ನಬೇಕಾಗುತ್ತದೆ. ಮೊದಲನೆಯದು, ಜಿಲ್ಲೆಯ ಲೆಕ್ಕದಲ್ಲಿ ಕೆಲವು ಸಾವಿರ ಜನರ ಅಧಿಕ ರೋಗಪ್ರಮಾಣ ಲಕ್ಷಾಂತರ ಜನರ ಸರಾಸರಿಯೊಳಗೆ ಕರಗಿಹೋಗುತ್ತದೆ. ಮೈಸೂರು ಜಿಲ್ಲೆಯ ಅಂಕಿಯಲ್ಲಿ ಬೈಲಕುಪ್ಪೆ ಕಾಣದು, ಉತ್ತರ ಕನ್ನಡದ ಅಂಕಿಯಲ್ಲಿ ಮುಂಡಗೋಡು ಕಾಣದು. ಎರಡನೆಯದು, ಭಿಕ್ಷುಗಳೂ ವಸತಿಶಾಲೆಯ ಮಕ್ಕಳೂ ಒಂದೇ ಕೊಠಡಿಯಲ್ಲಿ ಮಲಗುವ ಜೀವನಕ್ರಮದಲ್ಲಿ, ಒಬ್ಬ ರೋಗಿ ಕೆಮ್ಮು ಬಲಿತು ತಾನಾಗಿ ಬರುವ ವೇಳೆಗೆ ಸೋಂಕು ಹಲವರಿಗೆ ಹರಡಿರುತ್ತದೆ.

ಈ ಸಮುದಾಯ ತನ್ನನ್ನು ತಾನೇ ಎಣಿಸಿಕೊಳ್ಳಲು ಸಾಧ್ಯವಾದದ್ದು ಸ್ವಂತ ಆರೋಗ್ಯವ್ಯವಸ್ಥೆ ಕಟ್ಟಿಕೊಂಡ ಮೇಲೆ. 1971ರಲ್ಲಿ ಧರ್ಮಶಾಲಾದಲ್ಲಿ ಡೆಲೆಕ್ ಆಸ್ಪತ್ರೆ, 1981ರಲ್ಲಿ ಟಿಬೆಟನ್ ಆಡಳಿತದ ಆರೋಗ್ಯ ಇಲಾಖೆ ಸ್ಥಾಪನೆಯಾದವು. ನೆಲೆಗಳಲ್ಲಿ ಆಸ್ಪತ್ರೆ, ಚಿಕಿತ್ಸಾಲಯಗಳು ಬೆಳೆದವು. ಸಮುದಾಯದವರನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ತರಬೇತಿಗೊಳಿಸಲಾಯಿತು. 1994ರಿಂದ 1996ರವರೆಗೆ ಈ ವ್ಯವಸ್ಥೆ ಜನನ, ಮರಣ, ವಲಸೆ, ಕಾಯಿಲೆಗಳನ್ನು ದಾಖಲಿಸಿತು. ದೇಶದ ವಿವಿಧ ನೆಲೆಗಳ ಸುಮಾರು 65 ಸಾವಿರ ಜನರನ್ನು ಒಳಗೊಂಡ ಈ ದಾಖಲೆಗಳನ್ನು ಆಧರಿಸಿ ಭಾಟಿಯಾ, ದ್ರಾನ್ಯಿ ಮತ್ತು ರೌಲಿ 2002ರಲ್ಲಿ ಪ್ರಕಟಿಸಿದ ಲೇಖನಗಳು ಈ ಚರಿತ್ರೆಯ ತಿರುವು. ಕ್ಷಯದ ವಾರ್ಷಿಕ ಪ್ರಮಾಣ ಲಕ್ಷಕ್ಕೆ 800ಕ್ಕೂ ಮಿಗಿಲೆಂದು ಅವು ತೋರಿಸಿದವು. ಇಲ್ಲಿ ಮುಖ್ಯವಾದುದು ಅಂಕಿಯೊಂದೇ ಅಲ್ಲ, ಛೇದವೂ ಹೌದು: ಎಷ್ಟು ಜನರಲ್ಲಿ ಇಷ್ಟು ಎಂಬುದನ್ನು ಹೇಳಬಲ್ಲವರು ಮನೆಮನೆಯ ಪರಿಚಯವಿದ್ದ ಆ ಕಾರ್ಯಕರ್ತರು ಮಾತ್ರ.

ಅವರ ಕೆಲಸ ಸುಲಭದ್ದಾಗಿರಲಿಲ್ಲ. ಚಳಿಗಾಲದಲ್ಲಿ ಅನೇಕ ಕುಟುಂಬಗಳು ಸ್ವೆಟರ್ ವ್ಯಾಪಾರಕ್ಕಾಗಿ ದೂರದ ನಗರಗಳಿಗೆ ಹೋಗಿ ತಿಂಗಳುಗಟ್ಟಲೆ ನೆಲೆಗೆ ಮರಳುತ್ತಿರಲಿಲ್ಲ. ಕ್ಷಯದ ಚಿಕಿತ್ಸೆಯಾದರೋ ಮೊದಲಿಗೆ ವರ್ಷಕ್ಕೂ ಮೀರಿದ್ದು, ಮುಂದೆ ಹೊಸ ಔಷಧಗಳಿಂದ ಆರು ತಿಂಗಳಿಗೆ ಇಳಿದರೂ ನಡುವೆ ಬಿಡುವಂಥದಲ್ಲ. ಬಿಟ್ಟರೆ ಔಷಧಕ್ಕೆ ಬಗ್ಗದ ರೋಗಾಣು ಉಳಿಯುತ್ತದೆ. ಬಹುಔಷಧ ನಿರೋಧಕ ಕ್ಷಯ ಈ ಸಮುದಾಯವನ್ನು ಗಾಢವಾಗಿ ಬಾಧಿಸಿದೆ.

2017–18ರಲ್ಲಿ ಟಿಬೆಟನ್ ಆರೋಗ್ಯ ಇಲಾಖೆ, ಡೆಲೆಕ್ ಆಸ್ಪತ್ರೆ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ಉತ್ತರ ಭಾರತದ 11 ಟಿಬೆಟನ್ ಶಾಲೆಗಳಲ್ಲಿ ಕೈಗೊಂಡ ತಪಾಸಣೆ ಹಳೆಯ ತತ್ತ್ವವನ್ನು ತಿರುಗಿಸಿತು. ರೋಗಿ ಬರುವವರೆಗೆ ಕಾಯದೆ ಐದು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಲಾಯಿತು. 46 ಮಕ್ಕಳಲ್ಲಿ ಕ್ಷಯ ಪತ್ತೆಯಾಯಿತು. ಲಕ್ಷಕ್ಕೆ ಲೆಕ್ಕ ಹಾಕಿದರೆ 853. ಆ ವರ್ಷಗಳಲ್ಲಿ ಇಡೀ ಭಾರತದಲ್ಲಿ ವರ್ಷಕ್ಕೆ ಹೊಸದಾಗಿ ಕಾಣಿಸುವ ಕ್ಷಯದ ಅಂದಾಜು ಲಕ್ಷಕ್ಕೆ 200–250. ಒಂದು ತಪಾಸಣೆಯ ಅಂಕಿಯನ್ನೂ ವಾರ್ಷಿಕ ಅಂದಾಜನ್ನೂ ನೇರವಾಗಿ ಹೋಲಿಸಲಾಗದಾದರೂ ಅಂತರದ ಅಗಾಧತೆ ಸ್ಪಷ್ಟ. ಸುಮಾರು ಶೇ. 18ರಷ್ಟು ಮಕ್ಕಳಲ್ಲಿ ಸುಪ್ತ ಸೋಂಕಿತ್ತು. ಅವರಲ್ಲಿ ಬಹುಪಾಲಿನವರಿಗೆ ರೋಗ ಬಾರದಂತೆ ಮುಂಜಾಗ್ರತೆಯ ಔಷಧ ನೀಡಲಾಯಿತು. ಶಿಕ್ಷಕರು, ಪೋಷಕರು, ದಾದಿಯರ ಒಪ್ಪಿಗೆಯಿಲ್ಲದೆ ಆರೋಗ್ಯವಂತನಂತೆ ಕಾಣುವ ಮಗುವಿಗೆ ತಿಂಗಳುಗಟ್ಟಲೆ ಔಷಧ ಕೊಡುವುದು ಆಗುವ ಮಾತಲ್ಲ.

ಕರ್ನಾಟಕದ ನೆಲೆಗಳಲ್ಲಿ ಇದೇ ಕ್ರಮ ಮತ್ತೊಂದು ಕಾಯಿಲೆಯನ್ನು ಬೆಳಕಿಗೆ ತಂದಿದೆ. 2010ರ ದಶಕದಲ್ಲಿ ಬೈಲಕುಪ್ಪೆಯಲ್ಲಿ ನಡೆದ ರಕ್ತಪರೀಕ್ಷೆಗಳಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿಯಲ್ಲಿ ಹೆಪಟೈಟಿಸ್ ಬಿ ಸೋಂಕು ಕಂಡುಬಂದಿತು. ಯಕೃತ್ತನ್ನು ನಿಧಾನವಾಗಿ ಹಾಳುಮಾಡುವ ಈ ಸೋಂಕು ದಶಕಗಳವರೆಗೆ ಲಕ್ಷಣ ತೋರದೆ ಇರಬಲ್ಲದು. ಅದರ ರೋಗಿ ತಾನಾಗಿ ಆಸ್ಪತ್ರೆಗೆ ಬರುವಾಗ ಬಹಳ ತಡವಾಗಿರುತ್ತದೆ. ಈ ನಡುವೆ ಯುವಜನ ಯೂರೋಪು, ಅಮೆರಿಕಗಳಿಗೆ ವಲಸೆ ಹೋಗುತ್ತ ನೆಲೆಗಳ ಜನಸಂಖ್ಯೆ ಕುಗ್ಗಿದೆ. ಪಟ್ಟಿಯಲ್ಲಿ ಹೆಸರಿದ್ದು ಮನೆಯಲ್ಲಿ ಇಲ್ಲದವರನ್ನು ಲೆಕ್ಕದಲ್ಲಿ ಹೇಗೆ ಹಿಡಿಯಬೇಕೆಂಬ, ಸ್ವೆಟರ್ ವ್ಯಾಪಾರದ ದಿನಗಳ ಹಳೆಯ ತೊಡಕು ಆರೋಗ್ಯ ಕಾರ್ಯಕರ್ತರ ಮುಂದೆ ಮತ್ತೆ ಬಂದು ನಿಂತಿದೆ.