ಊದುಗೊಳವೆ ಮತ್ತು ಡೊರೊಥಿಯ ಹಣ

ಹಸಿ ಸೌದೆ ಹೊಗೆಯಾಡುವಾಗ ಊದುಗೊಳವೆ ಹಿಡಿದು ಊದಿದ ಹೆಂಗಸಿಗೆ ಎಂಜಿನ್ನಿನ ಮೂಲಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಉರಿಗೆ ಸೌದೆಯಷ್ಟೇ ಗಾಳಿಯೂ ಬೇಕು. ಕಾರಿನ ಸಿಲಿಂಡರು ತಾನಾಗಿ ಎಳೆದುಕೊಳ್ಳುವ ಗಾಳಿಗೆ ಒಂದು ಮಿತಿಯಿದೆ. ಅದನ್ನು ಮೀರಿ ಪೆಟ್ರೋಲು ಸುರಿದರೆ ಹೊಗೆ ಬಂದೀತೇ ಹೊರತು ಬಲ ಬಾರದು. ಬಲ ಬೇಕಾದರೆ ಒಲೆಯನ್ನೇ ದೊಡ್ಡದು ಮಾಡಬೇಕು, ಇಲ್ಲವೆ ಇದ್ದ ಒಲೆಗೆ ಊದಬೇಕು. 1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಬೆಂಟ್ಲಿ ಕಾರುಗಳ ಬಳಗವನ್ನು ಎರಡು ಪಕ್ಷ ಮಾಡಿದ್ದು ಇದೇ ಪ್ರಶ್ನೆ.

ಕಂಪನಿ ಕಟ್ಟಿದ ಡಬ್ಲ್ಯು.ಓ. ಬೆಂಟ್ಲಿ ದೊಡ್ಡ ಒಲೆಯ ಪಕ್ಷ. ನಾಲ್ಕೂವರೆ ಲೀಟರಿನ ಎಂಜಿನ್ ಸಾಲದಿದ್ದರೆ ಆರೂವರೆ ಲೀಟರಿನದು ಇದೆಯಲ್ಲ! ಊದಿಸುವುದೆಂದರೆ ತನ್ನ ವಿನ್ಯಾಸವನ್ನೇ ಕೆಡಿಸಿದಂತೆ ಎಂದು ಅವನು ನಂಬಿದ್ದ. ಚಾಲಕ ಟಿಮ್ ಬರ್ಕಿನ್ ಒಪ್ಪಲಿಲ್ಲ. ಆಮ್‌ಹರ್ಸ್ಟ್ ವಿಲಿಯರ್ಸ್ ರೂಪಿಸಿದ ಸೂಪರ್‌ಚಾರ್ಜರನ್ನು ಕಾರಿನ ಮೂತಿಯಲ್ಲಿ, ರೇಡಿಯೇಟರಿನ ಮುಂದೆ ಕೂರಿಸಿದ. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟೇ ಅದನ್ನು ತಿರುಗಿಸುತ್ತಿತ್ತು. ಒಳಗಿನ ರೋಟರುಗಳು ಗಾಳಿ, ಪೆಟ್ರೋಲುಗಳ ಮಿಶ್ರಣವನ್ನು ಸಿಲಿಂಡರುಗಳಿಗೆ ಒತ್ತಿ ತುಂಬುತ್ತಿದ್ದವು. 110 ಅಶ್ವಶಕ್ತಿಯ ಎಂಜಿನ್ ರಸ್ತೆಯ ಕಾರಿನಲ್ಲಿ 175ಕ್ಕೆ, ರೇಸಿನ ಕಾರಿನಲ್ಲಿ ಸುಮಾರು 240ಕ್ಕೆ ಏರಿತು.

ಇದಕ್ಕೆಲ್ಲ ಹಣ? ಬರ್ಕಿನ್ನನದು ಕರಗಿತ್ತು. ಕೊಟ್ಟವಳು ಡೊರೊಥಿ ಪ್ಯಾಜೆಟ್. 1905ರಲ್ಲಿ ಹುಟ್ಟಿದವಳು, ತಾಯಿಯ ಕಡೆಯಿಂದ ಅಮೆರಿಕದ ವಿಟ್ನಿ ಮನೆತನದ ಆಸ್ತಿ ಬಂದಿತ್ತು. ಇಪ್ಪತ್ತೈದು ತುಂಬುವ ಮೊದಲೇ ರೇಸ್ ತಂಡವೊಂದರ ಯಜಮಾನಿ. ಅವಳ ಬಗ್ಗೆ ಬರೆದವರು ಮೈಗಾತ್ರ, ಜೂಜು, ವಿಚಿತ್ರ ಅಭ್ಯಾಸಗಳನ್ನು ಚಪ್ಪರಿಸಿಕೊಂಡು ಬರೆಯುತ್ತಾರೆ. ಗಂಡಸೊಬ್ಬ ಹೀಗೆ ಹಣ ಚೆಲ್ಲಿದ್ದರೆ ರಸಿಕನೆಂದು ಕರೆಯುತ್ತಿದ್ದರೇನೋ ಎಂದು ನನಗೆ ಓದುವಾಗಲೆಲ್ಲ ಅನ್ನಿಸುತ್ತದೆ.

ರೇಸಿಗೆ ಅರ್ಹತೆ ಸಿಗಬೇಕೆಂದು ಇಂಥ 50 ಕಾರುಗಳನ್ನು ಮಾರಾಟಕ್ಕೂ ಮಾಡಬೇಕಾಯಿತು. 1930ರ ಲ ಮಾನ್ಸ್ ರೇಸಿನಲ್ಲಿ ಬರ್ಕಿನ್ ಎರಡು ಚಕ್ರಗಳನ್ನು ಹುಲ್ಲಿಗಿಳಿಸಿ ಕಾರಾಚಿಯೋಲಾನ ಮರ್ಸಿಡಿಸನ್ನು ಹಿಂದಿಕ್ಕಿದ. ಆ ಮರ್ಸಿಡಿಸೂ ಮುಗಿಸಲಿಲ್ಲ, ಡೊರೊಥಿಯ ತಂಡದಿಂದ ಓಡಿದ ಎರಡು ಕಾರುಗಳೂ ಮುಗಿಸಲಿಲ್ಲ. ಮೊದಲೆರಡು ಸ್ಥಾನ ಊದಿಸದ ಆರೂವರೆ ಲೀಟರಿನ ಬೆಂಟ್ಲಿಗಳಿಗೆ ಹೋಯಿತು. ಡಬ್ಲ್ಯು.ಓ. ಗೆದ್ದ ಎಂದು ಅಲ್ಲಿಗೇ ಷರಾ ಬರೆಯಲು ನಾನು ಒಪ್ಪಲಾರೆ. ಅದೇ ವರ್ಷ ಪೌ ಊರಿನ ಫ್ರೆಂಚ್ ಗ್ರ್ಯಾನ್ ಪ್ರಿಯಲ್ಲಿ ಬರ್ಕಿನ್ನನ ಆನೆಗಾತ್ರದ ಕಾರು ಹಗುರವಾದ ಬುಗಾಟಿಗಳ ನಡುವೆ ನುಗ್ಗಿ ಎರಡನೆಯದಾಗಿ ಬಂತು.

ಆ ಅಕ್ಟೋಬರಿನಲ್ಲಿ ಡೊರೊಥಿ ತಂಡವನ್ನು ಕೈಬಿಟ್ಟಳು. ಒಂದೇ ಆಸನದ ಒಂದು ಕಾರಿಗೆ ಮಾತ್ರ ಹಣ ಮುಂದುವರಿಸಿದಳು. 1931ರಲ್ಲಿ ಬೆಂಟ್ಲಿ ಕಂಪನಿ ಮುಳುಗಿ ರೋಲ್ಸ್ ರಾಯ್ಸ್ ಪಾಲಾಯಿತು. 1932ರಲ್ಲಿ ಅದೇ ಒಂಟಿ ಆಸನದ ಕಾರಿನಲ್ಲಿ ಬರ್ಕಿನ್ ಬ್ರೂಕ್‌ಲ್ಯಾಂಡ್ಸಿನ ಸುತ್ತನ್ನು ಗಂಟೆಗೆ 137.96 ಮೈಲಿ ವೇಗದಲ್ಲಿ ಸುತ್ತಿ ದಾಖಲೆ ಮಾಡಿದ. ಮರುವರ್ಷವೇ ತೀರಿಕೊಂಡ. ಡೊರೊಥಿ ಆಗಲೇ ಕುದುರೆಗಳತ್ತ ತಿರುಗಿದ್ದಳು. ಅವಳ ಗೋಲ್ಡನ್ ಮಿಲ್ಲರ್ 1932ರಿಂದ 1936ರವರೆಗೆ ಸತತ ಐದು ಸಲ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಗೆದ್ದಿತು.