ಎಡಗಿವಿ, ಬಲಗಿವಿ

ಕಳೆದ ದಸರಾ ರಜೆಯಲ್ಲಿ ಗೊಂಬೆ ಕೂರಿಸಲೆಂದು ಅಟ್ಟದ ಮೇಲಿನ ಟ್ರಂಕನ್ನು ಇಳಿಸಿದಾಗ, ಚೆಟ್ಟಿಯಾರ ದಂಪತಿಗಳ ಪಕ್ಕದಲ್ಲಿ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿಟ್ಟ ಒಂದು ಹೆಡ್‌ಫೋನ್ ಸಿಕ್ಕಿತು. ನಾನು ಬಿ.ಎಡ್. ಓದುತ್ತಿದ್ದಾಗ ದುಬೈಯಲ್ಲಿದ್ದ ಸೋದರಮಾವ ವಾಕ್‌ಮನ್ ಜೊತೆಗೆ ತಂದುಕೊಟ್ಟದ್ದು ಅದು. ವಾಕ್‌ಮನ್ ಎಂದೋ ಗುಜರಿ ಸೇರಿದೆ. ಇದರ ಸ್ಪಂಜೂ ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಪಾತ್ರೆ ತಿಕ್ಕಲು ತಂದಿದ್ದ ಹೊಸ ಸ್ಪಂಜಿನಿಂದ ಎರಡು ಬಿಲ್ಲೆ ಕತ್ತರಿಸಿ, ದಾರದಿಂದ ಬಿಗಿದು ಕಟ್ಟಿದೆ.

ಮಗಳು ನಕ್ಕಳು. “ಅಮ್ಮಾ, ಇದರಲ್ಲಿ ಏನು ಕೇಳ್ಸತ್ತೆ? ನಂದು ಹಾಕ್ಕೊಂಡು ನೋಡು.”

“ನಿಂದೂ ಹಾಕ್ಕೋತೀನಿ, ನಂದೂ ಹಾಕ್ಕೋತೀನಿ. ಯಾವುದು ಮೇಲು ಅಂತ ಆಮೇಲೆ ಹೇಳ್ತೀನಿ ಕಣೇ” ಎಂದೆ. ಮೇಷ್ಟರ ಕೆಲಸ ಮಾಡುವವರಿಗೆ ಅಂಕ ಹಾಕುವ ಚಟ ರಜೆಯಲ್ಲೂ ಬಿಡುವುದಿಲ್ಲ.

ಹೀಗೆ ಊಟದ ಮೇಜಿನ ಮೇಲೆ ಮೂರು ಸಾಲಾಗಿ ಕುಳಿತವು: ನನ್ನ ಸ್ಪಂಜಿನದು, ನಮ್ಮ ಮನೆಯವರ ಮೊಬೈಲಿನ ಜೊತೆ ಬಂದಿದ್ದ ಬಿಳಿಯ ಬಿರಡೆಗಳು, ಮಗಳ ದೊಡ್ಡ ಕರಿಯ ಹೆಡ್‌ಫೋನ್. ಅವಳ ಲ್ಯಾಪ್‌ಟಾಪಿನಲ್ಲಿ ಹಳೆಯ ಪಿನ್ನಿಗೂ ತೂತು ಇತ್ತು. ಒಂದು ವೀಣೆಯ ಕಚೇರಿಯನ್ನು ಆರಿಸಿಕೊಂಡೆವು. ಸದ್ದು ಮೂರರಲ್ಲೂ ಒಂದೇ ಮಟ್ಟದಲ್ಲಿರಬೇಕೆಂದು ಮಗಳು ಹಟ ಹಿಡಿದಳು. ಅದು ಸರಿಯೇ. ತುಸು ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಎಂದು ಮನಸ್ಸು ಮೋಸಹೋಗುತ್ತದೆ. ಗಟ್ಟಿ ದನಿಯ ಹುಡುಗನೇ ಜಾಣ ಎಂದು ಇನ್‌ಸ್ಪೆಕ್ಟರು ತಿಳಿದುಕೊಳ್ಳುವುದಿಲ್ಲವೇ, ಹಾಗೆ.

ಸ್ಪಂಜಿನದರಲ್ಲಿ ಮೃದಂಗದ ಗುಂ ಎನ್ನುವ ನಾದ ತೀರ ತೆಳ್ಳಗಿತ್ತು. ಕಿವಿಗೂ ಹೆಡ್‌ಫೋನಿಗೂ ನಡುವೆ ಸಂದಿ ಇದ್ದರೆ ತಗ್ಗಿನ ಸ್ವರಗಳೇ ಮೊದಲು ಸೋರಿಹೋಗುತ್ತವಂತೆ. ಬಿಳಿಯ ಬಿರಡೆಗಳನ್ನು ಬೆರಳಿನಿಂದ ಒತ್ತಿ ಹಿಡಿದಾಗ ಆ ನಾದ ತುಂಬಿಕೊಂಡಿತು, ಬಿಟ್ಟಾಗ ಮಾಯವಾಯಿತು. ದೊಡ್ಡದರಲ್ಲಿ ಮಾತ್ರ ವೀಣೆಯ ತಂತಿಯ ಮೇಲೆ ಬೆರಳು ಜಾರುವ ಸದ್ದೂ ಕೇಳಿತು. ಸೋಲನ್ನು ಒಪ್ಪಿಕೊಳ್ಳುವ ಮನಸ್ಸಿಲ್ಲದೆ, “ಮೂರರಲ್ಲೂ ಒಂದು ದೋಷ ಇದೆ. ತಂಬೂರಿಯೇ ಇಲ್ಲ” ಎಂದೆ.

“ಎಡಗಡೆ ಇದೆಯಲ್ಲಮ್ಮ, ಸ್ಪಷ್ಟವಾಗಿ?”

ನನಗೆ ಇರಲಿಲ್ಲ. ಮಗಳು ಎದ್ದು ಬಂದು ದೊಡ್ಡ ಹೆಡ್‌ಫೋನನ್ನು ತಿರುಗಿಸಿ, ಎಡದ್ದು ಬಲಕ್ಕೆ ಬರುವಂತೆ ತೊಡಿಸಿದಳು. ತಂಬೂರಿ ಎಲ್ಲಿತ್ತೋ ಅಲ್ಲಿಂದ ಹಾರಿ ಬಂದು ನನ್ನ ಬಲಗಿವಿಯಲ್ಲಿ ಝೇಂಕರಿಸಿತು. ಮಗಳ ನಗು ನಿಂತುಹೋಗಿತ್ತು.

ಆ ರಜೆಯಿಡೀ ನಾನು ಕಿವಿಗಳ ಬಗೆಗೂ ಕಿವಿಗೆ ತೊಡುವ ಈ ಸಾಧನದ ಬಗೆಗೂ ಓದುತ್ತ ಕುಳಿತೆ. ಚರಿತ್ರೆ ನನ್ನ ಪಾಠದ ವಿಷಯ. ಹೆದರಿಕೆಯಾದಾಗ ಅದರ ಹಿಂದೆ ಅವಿತುಕೊಳ್ಳುವುದು ನನ್ನ ಹಳೆಯ ಅಭ್ಯಾಸ.

ಎರಡು ಕಿವಿಗಳ ಬೆಲೆ ಜನಕ್ಕೆ ಮೊದಲು ತಿಳಿದದ್ದು 1881ರಲ್ಲಿ, ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದಲ್ಲಿ ಎನ್ನಬಹುದು. ಬೆಲ್ ಸಾಹೇಬನ ಟೆಲಿಫೋನಿಗೆ ಆಗ ಐದೇ ವರ್ಷ. ಕ್ಲೆಮಾಂ ಅಡೇರ್ ಎಂಬ ಎಂಜಿನಿಯರು ಒಪೆರಾ ನಾಟಕಶಾಲೆಯ ವೇದಿಕೆಯ ಅಂಚಿನುದ್ದಕ್ಕೂ ಧ್ವನಿ ಹಿಡಿಯುವ ಪೆಟ್ಟಿಗೆಗಳನ್ನಿಟ್ಟು, ಅಲ್ಲಿಂದ ಪ್ರದರ್ಶನದ ಕಟ್ಟಡಕ್ಕೆ ತಂತಿ ಎಳೆಸಿದ. ಬಂದವರು ಎರಡು ಕೈಗಳಲ್ಲಿ ಎರಡು ಟೆಲಿಫೋನುಗಳನ್ನು ಹಿಡಿದು ಎರಡು ಕಿವಿಗೂ ಇಟ್ಟುಕೊಂಡರು. ಒಂದು ವೇದಿಕೆಯ ಎಡಗಡೆಯ ಸದ್ದನ್ನೂ ಇನ್ನೊಂದು ಬಲಗಡೆಯದನ್ನೂ ತರುತ್ತಿತ್ತು. ಗಾಯಕಿ ನಡೆದಾಡಿದರೆ ಹಾಡೂ ಅವಳೊಂದಿಗೆ ನಡೆಯುತ್ತಿತ್ತು. ಒಂದೇ ಕಿವಿಗೆ ಹಿಡಿದರೆ ಹಾಡು ಕೇಳುತ್ತಿತ್ತು, ನಡಿಗೆ ಕೇಳುತ್ತಿರಲಿಲ್ಲ. ಕಾರಣವನ್ನು ವಿವರಿಸಿದವನು ಇಂಗ್ಲೆಂಡಿನ ಲಾರ್ಡ್ ರೇಲೀ, 1907ರಲ್ಲಿ. ಒಂದು ಕಡೆಯಿಂದ ಬರುವ ಕೀರಲು ಸದ್ದಿಗೆ ನಮ್ಮ ತಲೆಯೇ ಅಡ್ಡ ಬಂದು ಇನ್ನೊಂದು ಬದಿಯ ಕಿವಿಗೆ ನೆರಳು ಬೀಳಿಸುತ್ತದೆ. ತಗ್ಗಿನ ಸದ್ದು ತಲೆಯನ್ನು ಬಳಸಿಕೊಂಡು ಹೋಗುತ್ತದೆ, ಆದರೆ ಎರಡು ಕಿವಿಗಳನ್ನು ಒಂದೇ ಗಳಿಗೆಯಲ್ಲಿ ಮುಟ್ಟುವುದಿಲ್ಲ. ಈ ಕೂದಲೆಳೆಯ ವ್ಯತ್ಯಾಸದಿಂದಲೇ ನಾವು ಕರೆದವರು ಯಾವ ಕಡೆ ಇದ್ದಾರೆಂದು ತಿರುಗಿ ನೋಡುತ್ತೇವೆ. ನಾನು ಕೆಲವು ವರ್ಷಗಳಿಂದ ತಪ್ಪು ಕಡೆಗೆ ತಿರುಗುತ್ತಿದ್ದೆ, ಮರೆವು ಎಂದುಕೊಂಡಿದ್ದೆ.

ಆದರೆ ಬಹಳ ಕಾಲ ಈ ಸಾಧನ ಬಳಕೆಯಾದದ್ದು ಸಂಗೀತಕ್ಕಲ್ಲ, ದುಡಿಮೆಗೆ. ಟೆಲಿಫೋನ್ ಕಚೇರಿಗಳಲ್ಲಿ ಮೊದಲು ಹುಡುಗರಿದ್ದರು. ಅವರ ಒರಟು ಮಾತಿಗೆ ಗಿರಾಕಿಗಳು ಬೇಸತ್ತ ಮೇಲೆ, 1878ರ ಸೆಪ್ಟೆಂಬರ್ 1ರಂದು ಬಾಸ್ಟನ್ನಿನಲ್ಲಿ ಎಮ್ಮಾ ನಟ್ ಎಂಬಾಕೆ ಮೊದಲ ಹೆಣ್ಣುಮಗಳಾಗಿ ಕೆಲಸಕ್ಕೆ ಸೇರಿದಳು. ಆಮೇಲೆ ಸಾವಿರಾರು ಹೆಂಗಸರು ಬಂದರು. ಅವರ ತಲೆಗೆ ಕಟ್ಟಿದ ಸಾಧನಕ್ಕೆ ಒಂದೇ ಕಿವಿ. ದಿನವಿಡೀ ಆ ಒಂದು ಕಿವಿಗೆ ಊರಿನವರ ಮಾತೆಲ್ಲ.

ಎರಡು ಕಿವಿಗೂ ಕೂರುವ, ಕೆಲಸಕ್ಕೆ ಬರುವ ಹೆಡ್‌ಫೋನು ಹುಟ್ಟಿದ್ದು ಅಡುಗೆಮನೆಯಲ್ಲಿ! ಇದನ್ನು ಓದಿದಾಗ ನನಗೆ ಬಹಳ ಖುಷಿಯಾಯಿತು. ಅಮೆರಿಕದ ಯೂಟಾ ಪ್ರಾಂತ್ಯದ ನಥಾನಿಯೆಲ್ ಬಾಲ್ಡ್ವಿನ್ ಮನೆಯಲ್ಲೇ ಕುಳಿತು ತಯಾರಿಸಿದ ಒಂದು ಜೋಡಿಯನ್ನು 1910ರಲ್ಲಿ ನೌಕಾಪಡೆಗೆ ಕಳಿಸಿದ. ನೌಕಾಪಡೆಯವರು ಪರೀಕ್ಷಿಸಿ ನೋಡಿದರೆ, ತಮ್ಮಲ್ಲಿದ್ದ ಉಳಿದವುಗಳಿಗಿಂತ ಇದರಲ್ಲಿ ಕ್ಷೀಣ ಸಂಕೇತಗಳೂ ಚೆನ್ನಾಗಿ ಕೇಳುತ್ತಿದ್ದವು. ಹೆಚ್ಚು ಬೇಕೆಂದು ಬರೆದರು. ಅವನೋ ಒಂದು ಸಲಕ್ಕೆ ಹತ್ತಕ್ಕಿಂತ ಹೆಚ್ಚು ಆಗುವುದಿಲ್ಲವೆಂದ, ಅಡುಗೆಮನೆಯಲ್ಲಿ ಅಷ್ಟೇ ಸಾಧ್ಯವಿತ್ತು. ಒಲೆಯ ಪಕ್ಕದಲ್ಲಿ ತಂತಿಯ ಸುರುಳಿಗಳನ್ನು ಹರಡಿಕೊಂಡ ಗಂಡನನ್ನು ಆ ಮನೆಯಾಕೆ ಹೇಗೆ ಸಹಿಸಿಕೊಂಡಳೋ, ಅದನ್ನು ಯಾರೂ ಬರೆದಿಟ್ಟಿಲ್ಲ.

ಸೋಫಾದ ಕಥೆ ಇದಕ್ಕಿಂತ ಸ್ವಾರಸ್ಯ. ಮಿಲ್ವಾಕಿ ಊರಿನ ಜಾನ್ ಕಾಸ್ ಮದುವೆಯಲ್ಲಿ ಸೋಫಾ ಕೊಳ್ಳಲೆಂದು ಬಂದ ಉಡುಗೊರೆಯ ಹಣದಿಂದ 1953ರಲ್ಲಿ ಟೀವಿಗಳನ್ನು ಆಸ್ಪತ್ರೆಯ ರೋಗಿಗಳಿಗೆ ಬಾಡಿಗೆಗೆ ಕೊಡುವ ವ್ಯಾಪಾರ ಶುರುಮಾಡಿದ. 1958ರಲ್ಲಿ ಅವನೂ ಮಾರ್ಟಿನ್ ಲಾಂಗೆ ಎಂಬ ಎಂಜಿನಿಯರೂ ಸೇರಿ ಒಂದು ಗ್ರಾಮಾಫೋನ್ ಪೆಟ್ಟಿಗೆ ಮಾಡಿದರು. ಪಕ್ಕದವರಿಗೆ ತೊಂದರೆಯಾಗದೆ ಕೇಳಲೆಂದು ಅದಕ್ಕೊಂದು ಹೆಡ್‌ಫೋನು ಜೋಡಿಸಿದರು. ಎಡಬಲ ಬೇರೆ ಬೇರೆಯಾಗಿ ಮುದ್ರಿಸಿದ ಸ್ಟೀರಿಯೋ ತಟ್ಟೆಗಳು ಆಗಷ್ಟೇ ಮಾರುಕಟ್ಟೆಗೆ ಬಂದಿದ್ದವು. ಊರಿನ ಪ್ರದರ್ಶನದಲ್ಲಿ ಜನ ಪೆಟ್ಟಿಗೆಯನ್ನು ಬಿಟ್ಟು ಹೆಡ್‌ಫೋನಿಗೆ ಮುಗಿಬಿದ್ದರು. ಸೈನಿಕರ, ತಂತಿಯವರ, ಟೆಲಿಫೋನಿನ ಹೆಂಗಸರ ದುಡಿಮೆಯ ಸಾಧನ ಸಂಗೀತ ಕೇಳುವವರ ಕಿವಿಗೆ ಬಂತು.

ಅಲ್ಲಿಂದ 1979ರ ಜುಲೈ 1ಕ್ಕೆ ಹಾರಿದರೆ ಜಪಾನಿನಲ್ಲಿ ವಾಕ್‌ಮನ್. ಆವರೆಗೆ ಹೆಡ್‌ಫೋನ್ ಎಂದರೆ ಮುನ್ನೂರು ನಾನೂರು ಗ್ರಾಮಿನ ಹೊರೆ. ಸೋನಿಯವರು ಅದನ್ನು ಐವತ್ತು ಗ್ರಾಮಿನೊಳಕ್ಕೆ ಇಳಿಸಿ ಸ್ಪಂಜು ತೊಡಿಸಿದರು. ಸೋನಿಯ ಯಜಮಾನ ಅಕಿಯೊ ಮೊರಿಟಾ ಮೊದಲ ಮಾದರಿಯನ್ನು ಮನೆಗೆ ತಂದು, ಕಿವಿಗೆ ಹಾಕಿಕೊಂಡು ಕುಳಿತರಂತೆ. ಹೆಂಡತಿಗೆ ಬೇಸರವಾಯಿತು. ಮನುಷ್ಯ ಎದುರಿಗೇ ಇದ್ದಾನೆ, ತನ್ನನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡಿದ್ದಾನೆ! ಮೊರಿಟಾ ಒಂದು ವಾಕ್‌ಮನ್‌ಗೆ ಎರಡು ಹೆಡ್‌ಫೋನ್ ಸಿಕ್ಕಿಸುವಂತೆ ಮಾಡಿಸಿದರು. ಒತ್ತಿದರೆ ಹಾಡು ತಗ್ಗಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವ ಒಂದು ಕಿತ್ತಳೆ ಗುಂಡಿಯೂ ಇತ್ತು. ಕೊಂಡವರು ಮಾತ್ರ ಒಬ್ಬೊಬ್ಬರೇ ಕೇಳಿದರು. ಮುಂದಿನ ಮಾದರಿಗಳಲ್ಲಿ ಎರಡನೆಯ ತೂತು ಹೋಯಿತು, ಕಿತ್ತಳೆ ಗುಂಡಿಯೂ ಹೋಯಿತು. ನನ್ನದಕ್ಕೆ ಒಂದೇ ಇತ್ತು. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಆ ಬಿಲ್ಲನ್ನು ಅಗಲಿಸಿ ಒಂದೊಂದು ಕಿವಿಗೆ ಒಂದೊಂದು ಕಡೆ ಹಿಡಿದು ಕೇಳುತ್ತಿದ್ದೆವು. ಬಿಲ್ಲು ಸಡಿಲವಾದದ್ದು ಹಾಗೆ.

ರಜೆ ಮುಗಿಯುವ ಮೊದಲು ಮಗಳು ಬಲವಂತವಾಗಿ ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅಲ್ಲೂ ಹೆಡ್‌ಫೋನೇ. ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಒಂದಷ್ಟು ಹೊತ್ತು ಏನೂ ಇಲ್ಲದ ಮೌನ. ಕಿಟಕಿಯಾಚೆ ಹುಡುಗಿಯ ಕೈ ಓಡಾಡುತ್ತಿರುವುದು ಕಂಡಾಗ, ಅದು ಮೌನವಲ್ಲ, ನನಗೆ ಕೇಳದ ಸದ್ದು ಎಂದು ಅರ್ಥವಾಯಿತು. ಹಾಳೆಯಲ್ಲಿ ಬಲಗಿವಿಯ ಕೆಂಪು ಸೊನ್ನೆಗಳು ನೆಟ್ಟಗೆ ಸಾಲಾಗಿದ್ದವು. ಎಡಗಿವಿಯ ನೀಲಿ ಗುಣಾಕಾರದ ಗುರುತುಗಳು ಮೇಲು ಸ್ವರಗಳ ಕಡೆ ಹೋಗುತ್ತ ಹೋಗುತ್ತ ಮೆಟ್ಟಿಲಿಳಿದಿದ್ದವು. “ಸ, ಶ, ತ ಇಂಥ ವ್ಯಂಜನಗಳು ಆ ಮೇಲಿನ ಭಾಗದಲ್ಲಿರುತ್ತವೆ ಮೇಡಂ. ಸ್ವರಾಕ್ಷರಗಳು ಕೆಳಗೆ. ಆದ್ದರಿಂದ ಆ ಕಿವಿಗೆ ದನಿ ಕೇಳುತ್ತೆ, ಮಾತು ತಿಳಿಯಲ್ಲ” ಎಂದರು ಡಾಕ್ಟರು.

ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಬಸ್ಸಿನಲ್ಲಿ ಬರುವಾಗ ನನಗೆ ನನ್ನ ಕಿವಿ ಮರೆತುಹೋಯಿತು. ಒಬ್ಬಳು ಹುಡುಗಿಯ ನೆನಪಾಯಿತು. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಆರನೆಯ ತರಗತಿಯಲ್ಲಿದ್ದಳು. ಎತ್ತರದವಳೆಂದು ಹಿಂದಿನ ಬೆಂಚಿಗೆ ಕಳಿಸಿದ್ದೆ. ಉಕ್ತಲೇಖನದಲ್ಲಿ ‘ಸರಸ್ವತಿ’ಯನ್ನು ಒಂದೊಂದು ದಿನ ಒಂದೊಂದು ಥರ ಬರೆಯುತ್ತಿದ್ದಳು. ಕೂಗಿದರೆ ಬೇರೆ ಕಡೆ ತಿರುಗುತ್ತಿದ್ದಳು. ಯಾವಾಗಲೂ ಕತ್ತನ್ನು ಒಂದು ಬದಿಗೆ ಓರೆ ಮಾಡಿ ನನ್ನ ಬಾಯನ್ನೇ ನೋಡುತ್ತಿದ್ದಳು. “ಬಾಯಿ ನೋಡಬೇಡ, ಪುಸ್ತಕ ನೋಡು” ಎಂದು ನಾನು ಗದರಿದ್ದು ಒಂದು ಸಲವಲ್ಲ. ಏಳನೆಯ ತರಗತಿಗೆ ಅವಳು ಬರಲಿಲ್ಲ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಬಿ.ಎಡ್.ನಲ್ಲಿ ಮಕ್ಕಳ ಮನಶ್ಶಾಸ್ತ್ರವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ನನಗೆ, ಅವಳನ್ನು ಅಲ್ಲಿಗೆ ಕರೆದೊಯ್ಯಿ ಎಂದು ಅವಳ ತಂದೆಗೆ ಹೇಳುವುದು ಹೊಳೆಯಲಿಲ್ಲ.

ಹೊಳೆದವರು ಬಹಳ ಹಿಂದೆಯೇ ಇದ್ದರು. 1920ರ ದಶಕದಲ್ಲಿ ಅಮೆರಿಕದಲ್ಲಿ ಹಾರ್ವೆ ಫ್ಲೆಚರ್ ಮತ್ತು ಅವರ ಜೊತೆಯವರು ಶಾಲೆಗಳಿಗಾಗಿಯೇ ಒಂದು ಯಂತ್ರ ಮಾಡಿದರು. ಒಂದು ಗ್ರಾಮಾಫೋನು, ಅದಕ್ಕೆ ನಲವತ್ತು ಮಕ್ಕಳವರೆಗೆ ತಂತಿಯಲ್ಲಿ ಜೋಡಿಸಿದ ಕಿವಿಸಾಧನಗಳು. ತಟ್ಟೆಯಿಂದ ಒಂದು ದನಿ ಅಂಕಿಗಳನ್ನು ಹೇಳುತ್ತದೆ, ಹೇಳುತ್ತ ಹೇಳುತ್ತ ಮೆಲ್ಲಗಾಗುತ್ತದೆ. ಮಕ್ಕಳು ಕೇಳಿದಷ್ಟನ್ನು ಹಾಳೆಯಲ್ಲಿ ಬರೆಯಬೇಕು. ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು. ಬರೆದದ್ದು ಎಲ್ಲಿ ನಿಂತಿತೋ ಅಲ್ಲಿಗೆ ಆ ಮಗುವಿನ ಕಿವಿ. ನಮ್ಮ ಉಕ್ತಲೇಖನವೇ! ತಪ್ಪಿಗೆ ಗೀಟು ಹಾಕುವ ಬದಲು, ಆ ಹಾಳೆಯನ್ನು ನೋಡಿ ಮಗುವನ್ನು ಡಾಕ್ಟರ ಹತ್ತಿರ ಕಳಿಸುತ್ತಿದ್ದರು.

ರಜೆ ಕಳೆದು ಶಾಲೆ ತೆರೆದ ವಾರ ನಾನೂ ಅದನ್ನು ಮಾಡಿದೆ, ಯಂತ್ರವಿಲ್ಲದೆ. ಮಕ್ಕಳಿಗೆ ಆಟವೆಂದು ಹೇಳಿ, ಬಲಗಿವಿಯನ್ನು ಅಂಗೈಯಿಂದ ಮುಚ್ಚಿಸಿದೆ. ನನ್ನ ಬಾಯಿ ಕಾಣಬಾರದೆಂದು ತರಗತಿಯ ಹಿಂದೆ ನಿಂತು ಅಂಕಿಗಳನ್ನು ಪಿಸುಗುಟ್ಟಿದೆ. ಆಮೇಲೆ ಎಡಗಿವಿ ಮುಚ್ಚಿಸಿದೆ. ಹಿಂದಿನವರಿಗೂ ಮುಂದಿನವರಿಗೂ ಅನ್ಯಾಯವಾಗದಿರಲೆಂದು ಸಾಲುಗಳನ್ನು ಅದಲುಬದಲು ಮಾಡಿ ಮರುದಿನ ಮತ್ತೆ ಮಾಡಿದೆ. ಮೂವತ್ತೆರಡು ಹಾಳೆಗಳಲ್ಲಿ ಒಂದರಲ್ಲಿ ಎರಡು ದಿನವೂ ಬಲಗಿವಿ ಮುಚ್ಚಿದಾಗಿನ ಸಾಲು ಖಾಲಿ. ಕಿಟಕಿಯ ಪಕ್ಕ ಕೂರುವ, ಎಲ್ಲರೂ ಮೊದ್ದು ಎನ್ನುವ ಹುಡುಗ. ಅವನನ್ನು ಮೊದಲ ಬೆಂಚಿನ ಎಡತುದಿಗೆ, ಒಳ್ಳೆಯ ಕಿವಿ ನನ್ನ ಕಡೆಗಿರುವಂತೆ ಕೂರಿಸಿದ್ದೇನೆ. ತಾಯಿಗೆ ಚೀಟಿ ಕಳಿಸಿದೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರಂತೆ, ರಜೆ ಸಿಗುವುದು ಕಷ್ಟ. ಭಾನುವಾರ ಮನೆಗೇ ಬರುತ್ತೇನೆಂದು ಮಗನ ಕೈಯಲ್ಲಿ ಹೇಳಿಕಳಿಸಿದ್ದಾರೆ.